ಸಹಾಯ ಬೇಕು: ಅವರೆ ಬಳ್ಳಿಗೆ ಯಾವ ರಾತ್ರಿ ಹೊದಿಕೆ ಹಾಕಲಿ?

ಕಾನ್ಸಾಸ್, ಒಕ್ಲಹೋಮ ಕಡೆಯ ಕನ್ನಡಿಗರೇ, ಸ್ವಲ್ಪ ದಾರಿ ತೋರಿಸಿ. ನಾವಿರುವುದು ವಿಚಿಟಾದಲ್ಲಿ. ಇವತ್ತು 75 ಡಿಗ್ರಿ ಫ್ಯಾರನ್‌ಹೀಟ್, ಒಳ್ಳೇ ಬಿಸಿಲು. ನಾಳೆ ಶುಕ್ರವಾರ ಉತ್ತರದಿಂದ ಶೀತಗಾಳಿ ನುಗ್ಗುತ್ತಂತೆ. ಈ ಬಯಲು ಸೀಮೆಯಲ್ಲಿ ತಡೆಯೋಕೆ ಒಂದು ಗುಡ್ಡವೂ ಇಲ್ಲ!

ಕರಿಬೇವಿನ ಕುಂಡ ಒಳಗೆ ತಂದಾಯಿತು. ಬೇಲಿಗೆ ಹಬ್ಬಿರುವ ಅವರೆಯದ್ದೇ ಚಿಂತೆ. ಈಗಷ್ಟೇ ಎಳೆ ಕಾಯಿ ಕಚ್ಚಿದೆ, ಕೆಲವು ತುದಿಗಳಲ್ಲಿ ಇನ್ನೂ ಹೂವಿದೆ. ಹಳೇ ಬೆಡ್‌ಶೀಟ್ ಹೊದಿಸಿ ನೋಡಿದೆ, ಗಾಳಿಗೆ ನಿಲ್ಲಲಿಲ್ಲ.

ಗೊಂದಲ ಇಲ್ಲಿದೆ. ಮುನ್ಸೂಚನೆ ಪ್ರಕಾರ ಶುಕ್ರವಾರ ರಾತ್ರಿ 34 ಡಿಗ್ರಿ, ಜೋರು ಗಾಳಿ, ಮೋಡ. ಶನಿವಾರ ರಾತ್ರಿ 35, ಆದರೆ ಗಾಳಿ ಇಲ್ಲ, ಆಕಾಶ ತಿಳಿ. ಅಂಥ ರಾತ್ರಿ ನೆಲದ ಹತ್ತಿರ ಇನ್ನೂ ಜಾಸ್ತಿ ತಣ್ಣಗಾಗಿ ಫ್ರಾಸ್ಟ್ (ಎಲೆ ಮೇಲೆ ಹೆಪ್ಪುಗಟ್ಟುವ ಇಬ್ಬನಿ) ಬೀಳುತ್ತೆ ಅಲ್ವಾ?

ಹಾಗಾದರೆ ಶನಿವಾರ ಮಾತ್ರ ಹೊದಿಸಿದರೆ ಸಾಕಾ, ಎರಡೂ ರಾತ್ರಿ ಬೇಕಾ? ಗಾಳಿಗೆ ಹಾರದಂತೆ ಬೇಲಿಗೆ ಹೇಗೆ ಕಟ್ಟುತ್ತೀರಿ?