ತಾತನ ಪೆನ್ನು-ಪೆನ್ಸಿಲ್ ಸೆಟ್: ನೀರಲ್ಲಿ ನೆನೆಸಬಹುದಾ?

ಪ್ರಶ್ನೆ (ಬಂಗಾರಪೇಟೆಯಿಂದ):
ನಮಸ್ತೆ ಸಾರ್. ನಮ್ಮ ತಾತ ಕೆಜಿಎಫ್‌ನಲ್ಲಿ ಚಾಂಪಿಯನ್ ರೀಫ್ ಆಫೀಸಲ್ಲಿ ಗುಮಾಸ್ತರಾಗಿದ್ರು. 1956ರಲ್ಲಿ ಗಣಿ ಸರ್ಕಾರದ ಕೈಗೆ ಬಂದಾಗ ಊರಿಗೆ ವಾಪಸ್ ಹೊರಟಿದ್ದ ಒಬ್ಬ ದೊರೆ ಇವರಿಗೆ ಪೆನ್ನು ಪೆನ್ಸಿಲ್ ಸೆಟ್ ಕೊಟ್ಟು ಹೋದ್ರಂತೆ. ಹಸಿರು ಬಣ್ಣ, ಒಳಗೆ ಕಪ್ಪು ಗೆರೆ ಗೆರೆ, ಮೈಮೇಲೆ ಸಣ್ಣದಾಗಿ ಕಾನ್ವೇ ಸ್ಟುವರ್ಟ್ ಅಂತ ಅಚ್ಚಿದೆ. ಅಜ್ಜಿ ಟ್ರಂಕಲ್ಲಿ ಸಿಕ್ತು. ಪಕ್ಕದಲ್ಲಿರೋ ಲಿವರ್ ಎತ್ತೋಕ್ಕೆ ನೋಡ್ದೆ, ಕಲ್ಲಿನ ಥರ ಗಟ್ಟಿ, ಅಲ್ಲಾಡ್ಸಿದ್ರೆ ಒಳಗೆ ಏನೋ ಗಲಗಲ ಅನ್ನುತ್ತೆ. ಪೆನ್ಸಿಲ್ ತಿರುಗುತ್ತೆ ಆದ್ರೆ ಕಡ್ಡಿ ಬರಲ್ಲ. ರಾತ್ರಿ ಪೂರ್ತಿ ಬಿಸಿನೀರಲ್ಲಿ ಹಾಕಿಡಲಾ?

ಉತ್ತರ (ಪೆನ್ ರಿಪೇರಿ, ಕೋಲಾರ):
ಬೇಡಮ್ಮ! ಮೊದ್ಲು ನೀರಿಂದ ದೂರ ಇಡಿ, ಲಿವರನ್ನೂ ಮುಟ್ಟಬೇಡಿ. ಈ ಕಂಪನಿ 1905ರಲ್ಲಿ ಲಂಡನ್ನಲ್ಲಿ ಶುರುವಾಗಿದ್ದು, ಆ ಕಾಲದಲ್ಲಿ ಇವರ ಎಷ್ಟೋ ಪೆನ್ನುಗಳ ಮೈ ಕೇಸಿನ್‌ದು. ಕೇಸಿನ್ ಅಂದ್ರೆ ಹಾಲು ಒಡೆದಾಗ ಸಿಗೋ ಗಟ್ಟಿ, ಅದನ್ನ ಒತ್ತಿ ಫಾರ್ಮಲಿನ್‌ನಲ್ಲಿ ಗಟ್ಟಿ ಮಾಡಿರ್ತಾರೆ. ರೇಷ್ಮೆ, ಹಾಲು, ಚಿನ್ನ ಅಂತ ಹೆಸರಾಗಿರೋ ನಮ್ಮ ಜಿಲ್ಲೆಗೆ ಹಾಲಿಂದಾಗಿರೋ ಪೆನ್ನು ಬಂತು ನೋಡಿ. ಅದು ನೀರು ಕುಡೀತು ಅಂದ್ರೆ ಉಬ್ಬುತ್ತೆ, ಬಿರುಕು ಬಿಡುತ್ತೆ, ಹೊಳಪು ಹೋಗುತ್ತೆ. ನೀವು ಕಳ್ಸಿರೋ ಫೋಟೋದಲ್ಲಿ ಮೈಮೇಲೆ ಕೂದಲಿನಷ್ಟು ಸಣ್ಣ ಗೆರೆಗಳು ಕಾಣ್ತಿವೆ, ಕೇಸಿನ್ನೇ ಇರಬಹುದು, ಖಾತ್ರಿಗೆ ಹೆಬ್ಬೆರಳಲ್ಲಿ ಜೋರಾಗಿ ಉಜ್ಜಿ ಮೂಸಿ ನೋಡಿ, ಕರ್ಪೂರದ ವಾಸನೆ ಬಂದ್ರೆ ಸೆಲ್ಯುಲಾಯ್ಡ್ (ಹಳೇ ಕಾಲದ ಒಂದು ಪ್ಲಾಸ್ಟಿಕ್), ಬರ್ಲಿಲ್ಲ ಅಂದ್ರೆ ಕೇಸಿನ್ ಅಂತ್ಲೇ ಇಟ್ಕೊಂಡು ಕೆಲ್ಸ ಮಾಡೋಣ.

ಗಲಗಲ ಅನ್ನೋದು ಒಳಗಿನ ರಬ್ಬರ್ ಚೀಲ, ಇಂಕ್ ತುಂಬೋದು ಅದ್ರಲ್ಲೇ. ಇಷ್ಟು ವರ್ಷಕ್ಕೆ ಒಣಗಿ ಚೂರು ಚೂರಾಗಿದೆ. ಲಿವರ್ ಆ ಗಟ್ಟಿ ರಬ್ಬರ್ ಮೇಲೇ ಒತ್ತಬೇಕಲ್ವಾ, ಅದಕ್ಕೇ ಏಳ್ತಿಲ್ಲ, ಬಲ ಹಾಕಿದ್ರೆ ಲಿವರ್ ಮುರಿಯುತ್ತೆ ಇಲ್ಲಾ ಪಕ್ಕದ ಗೋಡೆನೇ ಒಡೆಯುತ್ತೆ.

ಇನ್ನೊಬ್ಬರು (ಮಾಲೂರು):
ನಮ್ಮಪ್ಪನ ಪೆನ್ನು ಬಿಸಿನೀರಲ್ಲೇ ಸರಿ ಹೋಯ್ತು ಗುರು, ಸುಮ್ನೆ ಭಯ ಹುಟ್ಟಿಸ್ತೀರಲ್ಲ.

ಉತ್ತರ:
ನಿಮ್ಮದು ಪ್ಲಾಸ್ಟಿಕ್ ಇದ್ದಿರುತ್ತೆ ಅಣ್ಣ, ಬಚಾವು. ಎಬೊನೈಟ್ (ಗಟ್ಟಿ ಮಾಡಿದ ರಬ್ಬರ್) ಆಗಿದ್ರೆ ಬಿಸಿನೀರಿಗೆ ಕಪ್ಪು ಹೋಗಿ ಕಂದು ಬಣ್ಣಕ್ಕೆ ತಿರುಗ್ತಿತ್ತು. ಮೈ ಯಾವುದ್ರದ್ದು ಅಂತ ತಿಳಿಯೋ ತನಕ ಬಾಯಿಗೆ ಬಂದ ಔಷಧಿ ಹೇಳೋದು ನಂಗೆ ಸರಿ ಕಾಣಲ್ಲ.

ಪ್ರಶ್ನೆ ಕೇಳಿದವರು:
ಅಯ್ಯೋ, ಕ್ಯಾಪ್ ಮಾತ್ರ ಹತ್ತು ನಿಮಿಷ ನೀರಲ್ಲಿ ಹಾಕಿಬಿಟ್ಟೆ ಸಾರ್, ಮಂಕಾಗಿದೆ. ಬಿಸಿಲಿಗೆ ಇಡಲಾ?

ಉತ್ತರ:
ಬಿಸಿಲು ಬೇಡ, ಬಟ್ಟೇಲಿ ಒರೆಸಿ ನೆರಳಲ್ಲಿ ನಾಲ್ಕೈದು ದಿನ ಬಿಡಿ. ಪೂರ್ತಿ ಒಣಗಿದ ಮೇಲೆ ಮೆತ್ತನೆ ಬಟ್ಟೇಲಿ ಸ್ವಲ್ಪ ಪಾಲಿಶ್ ಹಾಕಿ ಉಜ್ಜಿದ್ರೆ ಬಹುಪಾಲು ಹೊಳಪು ಬರುತ್ತೆ. ಆದ್ರೆ ಪೆನ್ನಿನ ಮೈಮೇಲಿರೋ ಕಂಪನಿ ಅಕ್ಷರದ ಹತ್ರ ಪಾಲಿಶ್ ಹೋಗಬಾರದು, ಅಚ್ಚು ಅಳಿಸಿದ್ರೆ ಆಮೇಲೆ ಬರಲ್ಲ.

ರಿಪೇರಿಗೆ ನಾನು ನಿಬ್ ಇರೋ ಮುಂದಿನ ಭಾಗಕ್ಕೆ ಹೇರ್ ಡ್ರೈಯರಲ್ಲಿ ದೂರದಿಂದ ಸ್ವಲ್ಪ ಸ್ವಲ್ಪ ಬಿಸಿ ಕೊಡ್ತೀನಿ, ಬೆರಳಿಗೆ ಬೆಚ್ಚಗೆ ಅನ್ನೋಷ್ಟೇ, ಆಮೇಲೆ ಆ ಕಡೆ ಈ ಕಡೆ ನಿಧಾನಕ್ಕೆ ತಿರುಗಿಸ್ತಾ ಎಳೀತೀನಿ. ಬೆಂಕಿಕಡ್ಡಿ ಕ್ಯಾಂಡಲ್ ಹತ್ರ ಯಾರೂ ಹೋಗ್ಬೇಡಿ, ಸೆಲ್ಯುಲಾಯ್ಡ್ ಆಗಿದ್ರೆ ಭಗ್ ಅಂತ ಹತ್ಕೊಳ್ಳುತ್ತೆ. ಹಳೇ ರಬ್ಬರ್ ಕೆರೆದು ತೆಗೆದು, ಒಳಗಿನ ಸ್ಟೀಲ್ ಪಟ್ಟಿ ತುಕ್ಕು ಹಿಡಿದಿದ್ರೆ ಬದಲಾಯಿಸಿ, ಹೊಸ ಚೀಲ ಅಳತೆಗೆ ಕತ್ತರಿಸಿ ಅರಗಿನಲ್ಲಿ ಅಂಟಿಸಬೇಕು. ಚೀಲದ ನಂಬರ್ ಇಂಚಿನ 64ನೇ ಭಾಗದ ಲೆಕ್ಕ, 16 ನಂಬರ್ ಅಂದ್ರೆ ಕಾಲು ಇಂಚು ದಪ್ಪ. ಚೀಲದ ಮೈಗೆ ಬರೀ ಟಾಲ್ಕ್ ಸವರಿ ಒಳಗೆ ಕೂರಿಸೋದು.

ಅರಗು ಅಂದ್ರೆ ಬಡಗಿಗಳು ಪಾಲಿಶ್‌ಗೆ ಸ್ಪಿರಿಟ್ಟಲ್ಲಿ ಕರಗಿಸ್ತಾರಲ್ಲ, ಅದೇ. ಪಾಂಡವರಿಗೆ ಕಟ್ಟಿಸಿದ್ದೂ ಅರಗಿನ ಮನೇನೇ, ಬಿಸಿ ತಾಕಿದ್ರೆ ಬಿಟ್ಕೊಳ್ಳುತ್ತೆ. ಅದಕ್ಕೇ ಇದು ಬೇಕು, ಇಪ್ಪತ್ತು ವರ್ಷ ಆದ್ಮೇಲೆ ಇನ್ನೊಬ್ಬ ಬಿಚ್ಚಬೇಕಾದ್ರೆ ಬಿಚ್ಚಬಹುದು. ಫೆವಿಕ್ವಿಕ್ ಹಾಕಿದ ಪೆನ್ನು ನನ್ನ ಟೇಬಲ್ ಮೇಲೆ ಬಂದ್ರೆ ಆ ದಿನ ಊಟ ಸೇರಲ್ಲ.

ಮತ್ತೊಬ್ಬರು (ಮುಳಬಾಗಿಲು):
ನಿಬ್ ಸ್ವಲ್ಪ ಸೊಟ್ಟ ಕಾಣ್ತಿದೆ, ಚಿನ್ನದ್ದೇ ಅಲ್ವಾ, ಅಕ್ಕಸಾಲಿಗರಿಗೆ ಕೊಟ್ರೆ ಆಗಲ್ವಾ?

ಉತ್ತರ:
14 ಕ್ಯಾರೆಟ್ ಚಿನ್ನವೇ, ಆದ್ರೆ ಬೆಂಕಿ ಕೊಟ್ರೆ ಸ್ಪ್ರಿಂಗ್ ಗುಣ ಹೋಗುತ್ತೆ, ಆಮೇಲೆ ಅದು ಬರೆಯೋಕ್ಕಾಗಲ್ಲ, ಬರೀ ಒಡವೆ. ತುದಿ ಹರಡಿಲ್ಲ, ನಾನು ಲೂಪ್ (ಕಣ್ಣಿಗೆ ಇಟ್ಕೊಳ್ಳೋ ಭೂತಗನ್ನಡಿ) ಇಟ್ಕೊಂಡು ಕೈಯಲ್ಲೇ ನೇರ ಮಾಡ್ತೀನಿ. ನಿಬ್ ತೊಳೆಯೋಕೆ ನಮ್ಮ ಬೋರ್‌ವೆಲ್ ನೀರು ಬೇಡ, ಬಿಳಿ ಉಪ್ಪು ಕಟ್ಟುತ್ತೆ. ಇನ್ವರ್ಟರ್ ಅಂಗಡೀಲಿ ಸಿಗೋ ಡಿಸ್ಟಿಲ್ಡ್ ವಾಟರ್ ತಗೊಳ್ಳಿ, ಆಸಿಡ್ ಕೊಟ್ಟುಬಿಟ್ಟಾರು, ನೋಡ್ಕೊಳ್ಳಿ.

ಪ್ರಶ್ನೆ ಕೇಳಿದವರು:
ಪೆನ್ಸಿಲ್ ಸಾರ್? 0.7 ಕಡ್ಡಿ ಹಾಕಿದ್ರೆ ಜಾರಿ ಬಿದ್ದೋಯ್ತು.

ಉತ್ತರ:
ಅದಕ್ಕೆ 1.18 ಮಿಮೀ ಕಡ್ಡಿ ಬೇಕು, ಸ್ಟೇಷನರಿ ಅಂಗಡೀಲಿ ಕೇಳಿದ್ರೆ ಮುಖ ನೋಡ್ತಾರೆ, ಆನ್‌ಲೈನಲ್ಲಿ ತರಿಸ್ಬೇಕು. ಮೊದ್ಲು ಹಳೇ ತುಂಡು ಬಾಯಲ್ಲಿ ಸಿಕ್ಕಿದ್ಯಾ ನೋಡಿ, ಸಣ್ಣ ತಂತಿಯಿಂದ ಮೆಲ್ಲಗೆ ತಳ್ಳಿ ತೆಗೀರಿ. ಆಮೇಲೆ ಒಳಗಿನ ಪಿನ್ ತುದೀಲಿ ಕಾಣೋ ತನಕ ತಿರುಗಿಸಿ, ಕಡ್ಡಿ ಇಟ್ಟು ಒತ್ಕೊಂಡೇ ಉಲ್ಟಾ ತಿರುಗಿಸಿದ್ರೆ ಒಳಗೆ ಹೋಗಿ ಕೂರುತ್ತೆ. ಬಿಗಿ ಅನ್ನಿಸಿದ್ರೆ ಹೊಲಿಗೆ ಮಿಷನ್ ಎಣ್ಣೆ ಒಂದೇ ಹನಿ.

ಚೀಲ ತರಿಸಿ ಇಡ್ತೀನಿ, ಮುಂದಿನ ಶನಿವಾರ ಎರಡೂ ತಗೊಂಡು ಬನ್ನಿ, ಬೇರೆ ಬೇರೆ ಬಟ್ಟೇಲಿ ಸುತ್ತಿ. ಇಂಕ್ ಸಾದಾ ನೀಲಿ ಬ್ರಿಲ್ ಅಥವಾ ಕ್ಯಾಮೆಲ್ ಸಾಕು, ಚಿತ್ರ ಬರೆಯೋ ಇಂಡಿಯನ್ ಇಂಕ್ ಮಾತ್ರ ಬೇಡ. ಅಲ್ಲೀ ತನಕ ಲಿವರ್ ಮುಟ್ಟಬೇಡಿ, ಮಕ್ಕಳ ಕೈಗೂ ಕೊಡಬೇಡಿ.