ಸಹಾಯ ಬೇಕು: ವಾರ್ನಿಶ್ ಹೊಡೆದ ಮೇಲೆ ಬೆಳ್ಳಗಾದ ಲೋಹದ ಬೊಂಬೆಗಳು

ಸದಸ್ಯರಿಗೆಲ್ಲ ನಮಸ್ಕಾರ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಪಾತ್ರ ವಹಿಸಿ ಆಡುವ ಕಾಲ್ಪನಿಕ ಕಥೆಯ ಆಟಕ್ಕೆಂದು ನಾನು ಕೂಡಿಸಿಟ್ಟಿರುವ, 1980ರ ದಶಕದ ರಾಲ್ ಪಾರ್ಥಾ ಕಂಪನಿಯ 25 ಮಿ.ಮೀ. ಅಳತೆಯ ಆರು ಲೋಹದ ಬೊಂಬೆಗಳಿಗೆ ಅಕ್ರಿಲಿಕ್ ಬಣ್ಣ ಹಚ್ಚಿ, ಕಳೆದ ವಾರ ಮಂಗಳೂರಿನ ಜಡಿಮಳೆಯ ನಡುವೆಯೇ ಬಾಲ್ಕನಿಯಲ್ಲಿ ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಸ್ಪ್ರೇ ಮಾಡಿದೆ, ಅವಸರ ನನ್ನದೇ. ಗಾಳಿಯ ತೇವ ಹಿಡಿದು, ಅವುಗಳಲ್ಲೊಂದಾದ ಮಾಂತ್ರಿಕನ ಕಡುನೀಲಿ ನಿಲುವಂಗಿಯ ಮೇಲೆಲ್ಲ ಬೂದಿ ಉದುರಿಸಿದಂತೆ ಬಿಳಿ ಪೊರೆ ಕುಳಿತಿದೆ. ಒಂದು ಬೊಂಬೆಗೆ ಬ್ರಶ್‌ನಿಂದ ಹೊಳಪಿನ ವಾರ್ನಿಶ್ ಹಚ್ಚಿ ನೋಡಿದಾಗ ಬಣ್ಣ ಮರಳಿತಾದರೂ ನೆರಿಗೆಗಳ ಆಳದಲ್ಲಿ ಬಿಳುಪು ಉಳಿದಿದೆ. ಮಿಕ್ಕ ಐದಕ್ಕೂ ಇದನ್ನೇ ಎರಡು ಸಲ ಮಾಡಬೇಕೆ, ಅಥವಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿ ಬಣ್ಣವನ್ನೇ ಪೂರ್ತಿ ತೆಗೆದುಬಿಡಬೇಕೆ? ಅಷ್ಟು ಹಳೆಯ ಬೊಂಬೆಗಳ ಲೋಹದಲ್ಲಿ ಸೀಸ ಬೆರೆತಿರುವುದರಿಂದ, ಉಜ್ಜಿ ತೊಳೆಯುವಾಗ ಕೈಗವಸಿನ ಹೊರತು ಬೇರೇನು ಎಚ್ಚರ ಬೇಕೆಂಬುದನ್ನೂ ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ. ಬರುವ ಭಾನುವಾರದ ಆಟಕ್ಕೆ ಕನಿಷ್ಠ ಮಾಂತ್ರಿಕನಾದರೂ ಸಿದ್ಧನಾಗಬೇಕು.