ಸೈಬರ್ ಸೆಕ್ಯುರಿಟಿನೂ ಬೇಕು, ಕಾನೂನು-ನೀತಿನೂ ಬೇಕು: ಎಲ್ಲಿ ಓದಿಸೋದು?

ಪ್ರಶ್ನೆ, ಗಂಗಾವತಿಯಿಂದ: ನಮ್ಮ ತಮ್ಮ ಬಿ.ಇ. ಕಂಪ್ಯೂಟರ್ ಸೈನ್ಸ್ ಕೊನೇ ವರ್ಷದಾಗ ಅದಾನ. ಮುಂದ ಮಾಹಿತಿ ಸುರಕ್ಷತೆ ಓದಬೇಕು, ಅದರ ಕಾನೂನು, ಸರ್ಕಾರದ ನೀತಿ ಎಲ್ಲಾ ಕಲೀಬೇಕು ಅಂತಾನ. ಎರಡೂ ಒಂದೇ ಡಿಗ್ರಿಯೊಳಗ ಸಿಗ್ತಾವೇನ್ರಿ? ಹೊರದೇಶಕ್ಕ ಕಳಿಸೋ ತಾಕತ್ತು ಸದ್ಯ ಇಲ್ಲ. ಗೊತ್ತಿದ್ದವರು ಹೇಳ್ರಿ.

ಉತ್ತರ, ಬಳ್ಳಾರಿ: ಎರಡನ್ನೂ ಸರಿಸಮ ಕಲಿಸೋ ಸೀಟು ಹುಡುಕ್ಕೋತ ಕೂಡೋದು ಬ್ಯಾಡ್ರಿ. ಡಿಗ್ರಿ ಒಂದರಾಗ ಮಾಡಿಸ್ರಿ, ಇನ್ನೊಂದನ್ನ ಮ್ಯಾಲೆ ಜೋಡಿಸ್ರಿ. ಬಿ.ಇ. ಆದವರಿಗೆ ಡಿಗ್ರಿ ತಾಂತ್ರಿಕದ್ದೇ ಇರಲಿ. ಕಾನೂನನ್ನ ಕೆಲಸಕ್ಕ ಸೇರಿದ ಮ್ಯಾಲೂ ಓದಬಹುದು, ಕ್ರಿಪ್ಟೋಗ್ರಫಿ ಮತ್ತ ಆಪರೇಟಿಂಗ್ ಸಿಸ್ಟಮ್ ಒಮ್ಮೆ ಕೈ ಬಿಟ್ರ ತಿರುಗಿ ಹಿಡಿಯೋದು ಕಷ್ಟ.

ದಾರಿ ಗೇಟ್, ಎಂ.ಟೆಕ್ ಸೇರಾಕ ದೇಶಕ್ಕೆಲ್ಲ ಒಂದೇ ನಡೆಸೋ ಪರೀಕ್ಷೆ. ಫೆಬ್ರುವರಿಯಾಗ ನಡೀತದ: 3 ತಾಸು, 65 ಪ್ರಶ್ನೆ, 100 ಅಂಕ. ಅದರಾಗ 15 ಅಂಕ ಜನರಲ್ ಆಪ್ಟಿಟ್ಯೂಡ್, ಹುಡುಗರು ಅಸಡ್ಡೆ ಮಾಡೋದು ಅದನ್ನೇ. ಸ್ಕೋರು 3 ವರ್ಷ ನಡೀತದ. ಎನ್‌ಐಟಿಗಳಿಗೆ ಸಿಸಿಎಂಟಿ ಅಂತ ಒಂದೇ ಕಡೆ ಸೀಟು ಹಂಚೋ ಕೌನ್ಸೆಲಿಂಗ್. ಸುರತ್ಕಲ್ಲಿನ ಎನ್‌ಐಟಿಕೆಯ ಮಾಹಿತಿ ಸುರಕ್ಷತೆ ಎಂ.ಟೆಕ್ ಪಟ್ಟಿಯಾಗ ಮೊದಲು ನೋಡ್ರಿ. ಐಐಟಿಗಳದ್ದು ಬೇರೆ: ಒಂದೊಂದು ಐಐಟಿಗೂ ಪ್ರತ್ಯೇಕ ಅರ್ಜಿ ಹಾಕಬೇಕು. ಕೋಪ್ ಪೋರ್ಟಲ್ ಇರೋದು ಬಂದ ಆಫರ್ ಒಪ್ಪಾಕ, ಬಿಡಾಕ ಅಷ್ಟ. ಅಲ್ಲಿ ಹೆಸರು ಹಚ್ಚಿದ್ರ ಅರ್ಜಿ ಆಯ್ತು ಅಂದ್ಕೊಂಡು ಸೀಟು ಕಳಕೊಂಡವರು ಭಾಳ. ಗೇಟ್ ಮ್ಯಾಲೆ ಸೇರಿದ ಪೂರ್ಣಾವಧಿ ವಿದ್ಯಾರ್ಥಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಅದ, ಅದಕ್ಕ ಮನೀ ಭಾರ ಕಡಿಮೆ.

ಗಂಗಾವತಿಯಿಂದ: ಗೇಟ್‌ನಾಗ ಕಡಿಮೆ ಬಂದ್ರ?

ಉತ್ತರ, ರಾಯಚೂರು: ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸೋ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆಸ್ರಿ. ಅಲ್ಲೇ ನಿಮಗ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಉಪಯೋಗ ಆಗೋದು: ಕಲ್ಯಾಣ ಕರ್ನಾಟಕದೊಳಗಿನ ಕಾಲೇಜುಗಳಾಗ ಸ್ಥಳೀಯರಿಗೆ 70%, ಕರ್ನಾಟಕದ ಉಳಿದ ಕಡೆ 8% ಸೀಟು. ಎನ್‌ಐಟಿ, ಐಐಟಿಗೆ ಇದು ನಡಿಯಂಗಿಲ್ಲ, ಅವು ಕೇಂದ್ರದವು. ಅರ್ಹತಾ ಪ್ರಮಾಣಪತ್ರ ಕೊಡೋದು ತಹಶೀಲ್ದಾರ್ ಅಲ್ಲ, ಉಪವಿಭಾಗದ ಎಸಿ (ಅಸಿಸ್ಟೆಂಟ್ ಕಮಿಷನರ್). ಫಲಿತಾಂಶ ಬಂದ ಮ್ಯಾಲೆ ಓಡಾಡಬ್ಯಾಡ್ರಿ, ಈಗಲೇ ಮಾಡಿಸಿ ಇಟ್ಕೊಳ್ರಿ. ಮಾರ್ಕ್ಸ್‌ಕಾರ್ಡಿನ ಹೆಸರು, ಆಧಾರ್‌ನ ಹೆಸರು ಒಂದೇ ಇರಬೇಕು. ಇನಿಷಿಯಲ್ ಹಿಂದುಮುಂದಾದ್ರ ದಾಖಲೆ ಪರಿಶೀಲನೆಯಾಗ ಕೂತುಬಿಡ್ತದ. ಸೈಬರ್ ಸೆಕ್ಯುರಿಟಿ ಕಲಿಸೋ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯಕ್ಕ ಧಾರವಾಡದಾಗೂ ಕ್ಯಾಂಪಸ್ ಅದ. ಯಾವ ಕೋರ್ಸು ಯಾವ ಊರಾಗ ಅಂತ ಆ ವರ್ಷದ ಪ್ರಕಟಣೆಯಾಗ ನೋಡೇ ಫೀ ಕಟ್ರಿ.

ಉತ್ತರ, ಬಳ್ಳಾರಿ ಕೌಲ್ ಬಜಾರ್ (ವಕೀಲರು): ನೀತಿಯ ಕಡೆಗೆ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಎರಡು ವರ್ಷದ ಪಬ್ಲಿಕ್ ಪಾಲಿಸಿ ಸ್ನಾತಕೋತ್ತರ ಪದವಿ ಇದೆ, ಎಂಜಿನಿಯರುಗಳೂ ಸೇರಬಹುದು. ಅಲ್ಲಿಯದೇ ಸೈಬರ್ ಕಾನೂನು ಡಿಪ್ಲೊಮಾವನ್ನು ದೂರಶಿಕ್ಷಣದಲ್ಲಿ ಮಾಡಬಹುದು, ಎಂ.ಟೆಕ್ ಜೊತೆಗೆ ಹೊಂದುವುದು ಇದೇ. ಸಾರ್ವಜನಿಕ ನೀತಿ ಕಲಿಸುವ ತಕ್ಷಶಿಲಾ ಸಂಸ್ಥೆಯ 12 ವಾರದ ಆನ್‌ಲೈನ್ ಸರ್ಟಿಫಿಕೇಟ್ ರುಚಿ ನೋಡಲು ಸಾಕು, ಅದನ್ನು ಪದವಿಯ ಜಾಗಕ್ಕೆ ಇಡಬೇಡಿ.

ಆದರೆ ಕೋರ್ಸಿಗಿಂತ ಓದುವ ರೀತಿ ಮುಖ್ಯ. ಸೈಬರ್ ದಾಳಿಗಳ ವರದಿ ಪಡೆಯುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವನ್ನು ಕೈಗೆ ತೆಗೆದುಕೊಳ್ಳಲಿ. ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ, 180 ದಿನದ ಲಾಗ್ (ಯಂತ್ರದಲ್ಲಿ ಏನು ನಡೆಯಿತು ಎಂಬ ದಾಖಲೆ), ಎಲ್ಲ ಯಂತ್ರಗಳ ಗಡಿಯಾರ ಎನ್‌ಟಿಪಿಯಿಂದ (ಜಾಲದ ಮೂಲಕ ಸಮಯ ಹೊಂದಿಸುವ ವ್ಯವಸ್ಥೆ) ಒಂದೇ ಸಮಯಕ್ಕೆ. ಈಗ ಒಂದು ಉಬುಂಟು (ಲಿನಕ್ಸ್) ಯಂತ್ರದಲ್ಲಿ ಹಳೆಯ ಲಾಗ್ ಅಳಿಸುವ ಲಾಗ್‌ರೊಟೇಟ್ ಸೆಟ್ಟಿಂಗ್ ತೆರೆದು ನೋಡಲಿ: ವಾರಕ್ಕೊಮ್ಮೆ ಕಡತ ಬದಲು, 4 ಕಡತ ಉಳಿಕೆ. ಅಂದರೆ 28 ದಿನ! 180 ಮುಟ್ಟಲು 26 ವಾರ ಬೇಕು. ಮುಖ್ಯ ಕಡತದಲ್ಲಿ 26 ಎಂದು ಬರೆದರೂ, ಒಂದೊಂದು ಸೇವೆಗೆ ಇರುವ ಪ್ರತ್ಯೇಕ ಕಡತದ 4 ಅದನ್ನು ಮೀರುತ್ತದೆ. ಲೆಕ್ಕಪರಿಶೋಧನೆಯಲ್ಲಿ ಸಿಕ್ಕಿಬೀಳುವುದು ಇಂಥಲ್ಲೇ. ದಿನಕ್ಕೆ 4 ಜಿಬಿ ಲಾಗ್ ಆದರೆ 180 ದಿನಕ್ಕೆ 720 ಜಿಬಿ. ಸಂಕುಚಿಸದೆ ಇಡುವ ಡಿಸ್ಕ್ ಯಾರ ಬಜೆಟ್ಟಿನದು ಎಂಬುದು ನೀತಿಯ ಪ್ರಶ್ನೆ. ಗಡಿಯಾರಗಳು ಹತ್ತು ನಿಮಿಷ ಹೆಚ್ಚುಕಡಿಮೆ ಇದ್ದರೆ ಫೈರ್‌ವಾಲ್ ಮತ್ತು ಸರ್ವರ್ ಲಾಗ್ ತಾಳೆಯಾಗುವುದಿಲ್ಲ, ಸಾಕ್ಷ್ಯವಾಗಿ ಸೊರಗುತ್ತದೆ.

ಪಕ್ಕದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇಟ್ಟುಕೊಳ್ಳಲಿ. 2025ರ ನವೆಂಬರಿನ ನಿಯಮಗಳಲ್ಲಿ, ದತ್ತಾಂಶ ಸೋರಿದರೆ ದತ್ತಾಂಶ ಸಂರಕ್ಷಣಾ ಮಂಡಳಿಗೆ ವಿವರವಾದ ವರದಿಗೆ 72 ಗಂಟೆ (ಆ ಭಾಗಕ್ಕೆ 18 ತಿಂಗಳ ಕಾಲಾವಕಾಶವಿದೆ), ಕಾಯ್ದೆಯಲ್ಲಿ ಭದ್ರತಾ ಲೋಪಕ್ಕೆ 250 ಕೋಟಿವರೆಗೆ ದಂಡ. ಒಂದೇ ಘಟನೆ, ಎರಡು ಕಚೇರಿ, ಎರಡು ಗಡುವು. ಇದನ್ನು ಎರಡು ಪುಟದ ಟಿಪ್ಪಣಿಯಾಗಿ ಬರೆಯಲು ಬಂದರೆ ಪ್ರವೇಶ ಸಂದರ್ಶನಕ್ಕೆ ಅದೇ ಬಂಡವಾಳ.

ಉತ್ತರ, ಸಿಂಧನೂರು: ಮನೀ ಬಿಡದೇ ಹೊರದೇಶದ ಡಿಗ್ರಿನೂ ಅದ. ಅಮೆರಿಕದ ಜಾರ್ಜಿಯಾ ಟೆಕ್‌ನ ಆನ್‌ಲೈನ್ ಸೈಬರ್‌ಸೆಕ್ಯುರಿಟಿ ಎಂ.ಎಸ್. 2019ರಾಗ ಶುರುವಾದಾಗ ಪೂರ್ತಿ ಕೋರ್ಸಿಗೆ 10,000 ಡಾಲರಿಗಿಂತ ಕಡಿಮೆ ಇತ್ತು. ಅದರಾಗ ನೀತಿಗೇ ಬೇರೆ ಕವಲು ಐತಿ. ಕಾರ್ನೆಗಿ ಮೆಲನ್‌ನ ಮಾಹಿತಿ ಸುರಕ್ಷತಾ ನೀತಿ ಮತ್ತು ನಿರ್ವಹಣೆ ಕೋರ್ಸ್ ನಿಮ್ಮ ತಮ್ಮ ಕೇಳಿದ್ದಕ್ಕ ತೀರಾ ಹತ್ರ, ಆದ್ರ ಖರ್ಚು ದೊಡ್ಡದು.

ಉತ್ತರ, ಶಕ್ತಿನಗರ: ಪ್ರಾಜೆಕ್ಟಿಗೆ ವಿಷಯ ಇಲ್ಲೇ ಅದ. ರಾಯಚೂರಿನ ಆರ್‌ಟಿಪಿಎಸ್, ಕುಡತಿನಿ ಬಿಟಿಪಿಎಸ್‌ನಂಥ ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳಿಗೆ ಅನ್ವಯಿಸೋ ಕೇಂದ್ರ ವಿದ್ಯುತ್ ಪ್ರಾಧಿಕಾರದ 2021ರ ಸೈಬರ್ ಮಾರ್ಗಸೂಚಿ ಓದಲಿ. ಯಂತ್ರ ನಡೆಸೋ ಜಾಲ ಮತ್ತ ಇಂಟರ್ನೆಟ್ಟಿಗೆ ತೆರೆದ ಜಾಲ ಪೂರ್ತಿ ಬೇರೆ ಇರಬೇಕು ಅಂತದ ಅದು. ಕಾರಣ ಲ್ಯಾಬಿನಾಗ ಕಾಣ್ತದ: ಎರಡು ವರ್ಚುವಲ್ ಯಂತ್ರ, ಒಂದರಾಗ ಓಪನ್‌ಪಿಎಲ್‌ಸಿ (ಕಾರ್ಖಾನೆ ಯಂತ್ರ ನಡೆಸೋ ನಿಯಂತ್ರಕದ ಉಚಿತ ತಂತ್ರಾಂಶ), 502ನೇ ಪೋರ್ಟಿನಾಗ ಮಾಡ್‌ಬಸ್ (ಅಂಥ ಯಂತ್ರಗಳು ಮಾತಾಡೋ ಭಾಷೆ), ಜಾಲದಾಗ ಹರಿಯೋ ಮಾಹಿತಿ ತೋರಿಸೋ ವೈರ್‌ಶಾರ್ಕ್ ಹಚ್ಚಿ ನೋಡಬೇಕು. ಹಳೇ ಮಾಡ್‌ಬಸ್‌ಗೆ ಪಾಸ್‌ವರ್ಡೇ ಇಲ್ಲ, ಜಾಲದೊಳಗ ಬಂದವರು ಯಾರಾದ್ರೂ ರಿಜಿಸ್ಟರ್, ಅಂದ್ರ ನಿಯಂತ್ರಕದೊಳಗಿನ ಅಂಕಿ, ಬದಲಿಸಬಹುದು.

ನಿಜವಾದ ಸ್ಥಾವರದ ವಿಳಾಸ ಹುಡುಕಿ ಎನ್‌ಮ್ಯಾಪ್ (ತೆರೆದ ಪೋರ್ಟು ಹುಡುಕೋ ತಂತ್ರಾಂಶ) ಬಿಡೋದು ಮಾತ್ರ ಬ್ಯಾಡ. ಅನುಮತಿ ಇಲ್ದೆ, ಅಪ್ರಾಮಾಣಿಕವಾಗಿ ಇಲ್ಲಾ ಮೋಸದಿಂದ ಒಳಹೊಕ್ಕರ ಐಟಿ ಕಾಯ್ದೆಯ 66ನೇ ಕಲಮಿನಡಿ 3 ವರ್ಷವರೆಗೆ ಜೈಲು ಇಲ್ಲಾ 5 ಲಕ್ಷವರೆಗೆ ದಂಡ, ಇಲ್ಲಾ ಎರಡೂ. ಸಂರಕ್ಷಿತ ವ್ಯವಸ್ಥೆ ಅಂತ ಘೋಷಿಸಿದ್ದಾದ್ರ 70ನೇ ಕಲಮು: ಪ್ರಯತ್ನ ಮಾಡಿದ್ರೂ 10 ವರ್ಷದವರೆಗೆ. ನೋಡಬೇಕು ಅಂದ್ರ ಕಾಲೇಜಿನ ಲೆಟರ್‌ಹೆಡ್ಡಿನಾಗ ಪತ್ರ, ಯಾವ ಯಂತ್ರ, ಯಾವ ದಿನ, ಎಷ್ಟು ತಾಸು ಅಂತ ಬರೆದು ಸ್ಥಾವರದ ಮಾಹಿತಿ ಭದ್ರತಾ ಅಧಿಕಾರಿಯಿಂದ ಲಿಖಿತ ಒಪ್ಪಿಗೆ ತಗೊಳ್ರಿ.